ಮೆಡಿಕಲ್ ಕಾಲೇಜು ಹತ್ತಿರ ಬಂತು, ಮನೆ ಡಾಕ್ಟರು ದೂರವಾದರು

ಹಿರಿಯೂರು, ಹೊಸದುರ್ಗದ ಹುಡುಗರು ಡಾಕ್ಟರಾಗಬೇಕೆಂದರೆ ಒಂದು ಕಾಲಕ್ಕೆ ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಿತ್ತು. 1965ರಲ್ಲಿ ದಾವಣಗೆರೆಯಲ್ಲಿ ಜೆಜೆಎಂ ಮೆಡಿಕಲ್ ಕಾಲೇಜು ಶುರುವಾದಾಗ ಆ ಊರು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆಯಾಯಿತು, ಕಾಲೇಜೂ ಅದರ ಪಾಲಿಗೆ ಹೋಯಿತು. 1999ರಲ್ಲಿ ದುರ್ಗಕ್ಕೆ ಬಸವೇಶ್ವರ ಮೆಡಿಕಲ್ ಕಾಲೇಜು, 2023ರಲ್ಲಿ ಸರ್ಕಾರಿ ಕಾಲೇಜು ಬಂದವು. ಬಯಲುಸೀಮೆಯ ಬಡ ಮನೆಗಳಿಗೆ ಇದು ಸಣ್ಣ ಮಾತಲ್ಲ.

ಆದರೆ ಹೊಳಲ್ಕೆರೆಯ ಬಸ್‌ಸ್ಟ್ಯಾಂಡಿನ ಪಕ್ಕ ಬೋರ್ಡು ಹಾಕಿ ಕೂರುವ ಎಂಬಿಬಿಎಸ್ ಡಾಕ್ಟರು ಈಗ ಅಪರೂಪ. ಹಿಂದಿನವರು ಇಂಟರ್ನ್‌ಶಿಪ್ ಮುಗಿಸಿ, ಹಿರಿಯ ಡಾಕ್ಟರೊಬ್ಬರ ಕೈಕೆಳಗೆ ಪಳಗಿ, ಆಮೇಲೆ ಸ್ವಂತ ಕ್ಲಿನಿಕ್ ತೆರೆಯುತ್ತಿದ್ದರು. ಸಂತೆ ದಿನ ಬಾಗಿಲು ತೆಗೆಯುವ ಮೊದಲೇ ಜಗಲಿ ತುಂಬಿರುತ್ತಿತ್ತು. ಮನೆಯಿಂದ ತಂದ ಶೀಶೆಗೆ ಕಾಂಪೌಂಡರ್ ಮಿಕ್ಸ್‌ಚರ್ ತುಂಬಿ, ಒಂದು ಹೊತ್ತಿಗೆ ಎಷ್ಟೆಂದು ತಿಳಿಯಲು ಕಚ್ಚು ಕತ್ತರಿಸಿದ ಕಾಗದದ ಪಟ್ಟಿ ಅಂಟಿಸುತ್ತಿದ್ದ. ಒಳಗೆ ಡಾಕ್ಟರು ಮಗುವಿನ ಜ್ವರ ನೋಡುತ್ತಲೇ, ‘ನಿಮ್ಮತ್ತೆ ದಮ್ಮು ಈಗ ಹೆಂಗೈತಮ್ಮ?’ ಎಂದು ವಿಚಾರಿಸುತ್ತಿದ್ದರು. ಮಂಡಿ ನೋವೆಂದು ಬಂದವರನ್ನು ಅವರು ಮೊದಲು ಕೇಳುತ್ತಿದ್ದುದು ಯಾವ ಬೋರ್‌ವೆಲ್ ನೀರು ಕುಡೀತೀರಿ ಎಂದು. ಫ್ಲೋರೈಡ್ ಇರುವ ಈ ನೆಲದಲ್ಲಿ ಎಕ್ಸ್‌ರೇಗಿಂತ ಮುಂಚೆ ಕೇಳಬೇಕಾದದ್ದು ಅದೇ. ಗಣಿ ಧೂಳಿನ ಕಡೆಯಿಂದ ಬಂದ ಕೆಮ್ಮನ್ನೂ ಅವರು ಬೇರೆಯಾಗಿಯೇ ನೋಡುತ್ತಿದ್ದರು.

ಇಂದಿನ ಮಕ್ಕಳನ್ನು ದೂರುವುದು ಅನ್ಯಾಯ. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್; ಈ ಅವಧಿಯಲ್ಲಿ ಅವರಿಗೆ ಪಾಠ ಹೇಳುವವರೆಲ್ಲ ತಜ್ಞರೇ. ಕುಟುಂಬ ವೈದ್ಯರೊಬ್ಬರು ಕೆಲಸ ಮಾಡುವುದನ್ನು ಹತ್ತಿರದಿಂದ ನೋಡದವರು ಆ ಕೆಲಸವನ್ನು ಹೇಗೆ ಆಸೆಪಟ್ಟಾರು? ಬರೀ ಎಂಬಿಬಿಎಸ್ಸಾ ಎಂದು ಮೂಗು ಮುರಿಯುವವರು ನಾವೇ. ಹಾಗಾಗಿ ಪಿಜಿ ನೀಟ್ ಬಿಟ್ಟರೆ ಬೇರೆ ದಾರಿ ಅವರಿಗೆ ಕಾಣುವುದಿಲ್ಲ.

ಕಡ್ಡಾಯ ಗ್ರಾಮೀಣ ಸೇವೆಗೆಂದು ರಾಜ್ಯ 2012ರಲ್ಲಿ ಕಾನೂನು ಮಾಡಿತು. ಒಂದು ವರ್ಷದಲ್ಲಿ ಹಳ್ಳಿಗಳ ಹೆಸರು ಬಾಯಿಗೆ ಬರುವಷ್ಟರಲ್ಲಿ ವರ್ಗಾವಣೆಯಾದಂತೆ ಹೊರಟುಬಿಡುವವರಿಂದ ಮನೆ ಡಾಕ್ಟರು ಹುಟ್ಟುವುದಿಲ್ಲ. ಎಂಬಿಬಿಎಸ್ ವಿದ್ಯಾರ್ಥಿಗಳು ಮೊದಲ ವರ್ಷದಿಂದಲೇ ಹಳ್ಳಿಯ ಕೆಲವು ಕುಟುಂಬಗಳ ಆರೋಗ್ಯದ ಬೆನ್ನುಹತ್ತಬೇಕೆಂಬ ಈಚಿನ ನಿಯಮ ಹೆಚ್ಚು ಭರವಸೆ ಕೊಡುತ್ತದೆ, ದಾಖಲೆ ಪುಸ್ತಕ ತುಂಬಿಸುವ ಶಾಸ್ತ್ರವಾಗದಿದ್ದರೆ.

ಫ್ಯಾಮಿಲಿ ಮೆಡಿಸಿನ್‌ನಲ್ಲಿ ಮೂರು ವರ್ಷದ ಡಿಎನ್‌ಬಿ ದೇಶದಲ್ಲಿ ಎಂದಿನಿಂದಲೋ ಇದೆ. ಆ ತರಬೇತಿ ನಮ್ಮ ಜಿಲ್ಲೆಗೆ ಬರಬೇಕು, ಕಲಿಯುವವರು ಹಿರಿಯೂರು, ಹೊಸದುರ್ಗದ ಆಸ್ಪತ್ರೆಗಳಲ್ಲಿ ತಿಂಗಳುಗಟ್ಟಲೆ ಇದ್ದು ಕಲಿಯಬೇಕು. ಕ್ಲಿನಿಕ್ ನಡೆಸಿದ ಹಿರಿಯರನ್ನು ಪಾಠಕ್ಕೆ ಕರೆಯಬೇಕು. 2023ರಲ್ಲಿ ಸರ್ಕಾರಿ ಕಾಲೇಜು ಸೇರಿದ ಮೊದಲ ತಂಡದ ಇಂಟರ್ನ್‌ಶಿಪ್ ಮುಗಿಯುವುದು 2029ರ ಸುಮಾರಿಗೆ. ಅಷ್ಟರೊಳಗೆ ಇಷ್ಟಾದರೂ ಆಗಲಿ.