ಒಂಟಿಮನೆಗೆ ಗಾಜಿನೆಳೆ

(ತೃತೀಯ ಬಿ.ಎ.)

ಊರು ಎಂದರೆ ಮನೆಗಳ ಸಾಲು, ಸಾಲುಗಳ ನಡುವೆ ಬೀದಿ, ಬೀದಿಯ ಕೊನೆಗೊಂದು ದೇವಸ್ಥಾನ ಎಂದು ಬಯಲುಸೀಮೆಯ ಮಿತ್ರರು ಭಾವಿಸುವುದು ಸಹಜವೇ. ನಮ್ಮ ಕಡೆಯ ಊರು ಹಾಗಲ್ಲ. ಒಂದು ಮನೆ, ಅದರ ಮುಂದೆ ತೋಟ, ಹಿಂದೆ ಗುಡ್ಡ. ಅರ್ಧ ಮೈಲಿ ಕಾಡು ಕಳೆದ ಮೇಲೆ ಇನ್ನೊಂದು ಮನೆ. ಇಂತಹ ನಾಲ್ಕೈದು ಮನೆಗಳಿಗೆ ಸೇರಿ ಒಂದು ಹೆಸರು. ಸಾಗರ ತಾಲ್ಲೂಕಿನಲ್ಲಿ, ಶರಾವತಿಯ ಹಿನ್ನೀರಿನ ಆಚೆ ದಂಡೆಯಲ್ಲಿ, ಅಂತಹದೊಂದು ಹಳ್ಳಿ ನನ್ನ ಹುಟ್ಟೂರು. ಅಲ್ಲಿಗೆ ಫೈಬರ್ ಲೈನು ಬಂದ ಕಥೆಯನ್ನು ನೆಪಮಾಡಿಕೊಂಡು, ನನ್ನ ಅಲ್ಪಮತಿಗೆ ತೋಚಿದ ಎರಡು ಮಾತುಗಳನ್ನು ವಾಚಕರ ಮುಂದಿಡುತ್ತೇನೆ.

“ಅಂತಹ ಕಾಡಿನೊಳಗೆ ಹೋಗಿ ಕೂರಿರೆಂದು ನಿಮಗೆ ಹೇಳಿದವರಾರು?” ಎಂದು ಹಾಸ್ಟೆಲಿನ ಗೆಳೆಯನೊಬ್ಬ ಒಮ್ಮೆ ಕೇಳಿದ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ನೀರಿನಡಿಯಲ್ಲಿದೆ. ಲಿಂಗನಮಕ್ಕಿ ಅಣೆಕಟ್ಟು ೧೯೬೪ರಲ್ಲಿ ಮುಗಿದು ನೀರು ನಿಂತಾಗ ನಮ್ಮ ಅಜ್ಜನ ಮನೆ, ಗದ್ದೆ, ಕಣ ಎಲ್ಲವೂ ಮುಳುಗಿದವು. ಅಜ್ಜ ದನಕರುಗಳನ್ನು ಹೊಡೆದುಕೊಂಡು ಗುಡ್ಡವನ್ನೇರಿ, ನೀರು ಮುಟ್ಟದ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡರು. ಆ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡನ್ನೆಲ್ಲ ಬೆಳಗಿತು. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ ೧,೦೩೫ ಮೆಗಾವಾಟ್. ನಮ್ಮ ಮನೆಯಲ್ಲಿ ಮಾತ್ರ ಅಪ್ಪ ಚಿಮಣಿ ಬುಡ್ಡಿಯಲ್ಲಿಯೇ ಓದಿ, ಏಳನೆಯ ತರಗತಿಗೆ ಮುಗಿಸಿದರು. ಆದ್ದರಿಂದ ನಾವು ದೂರ ಹೋದವರಲ್ಲ. ದೂರವೇ ನಮ್ಮ ಬಳಿಗೆ ಬಂದದ್ದು.

೨೦೨೦ರಲ್ಲಿ ಶಾಲೆಗಳು ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ ನಾನು ಹತ್ತನೆಯ ತರಗತಿ. ಮನೆಯಲ್ಲಿ ಸಿಗ್ನಲ್ ಇಲ್ಲ. ಗುಡ್ಡದ ನೆತ್ತಿಯಲ್ಲಿ ಒಂದು ಮತ್ತಿಮರ. ಅದರ ಬುಡದಲ್ಲಿ, ಪೂರ್ವಕ್ಕೆ ಮುಖಮಾಡಿ ನಿಂತರೆ ಎರಡು ಗೆರೆ ಮೂಡುತ್ತಿತ್ತು. ಆಷಾಢದ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಒಂದು ಕೈಯಲ್ಲಿ ಮೊಬೈಲು, ಕಾಲಿಗೆ ಉಂಬಳ. ಬೀಜಗಣಿತವನ್ನು ನಾನು ಕಲಿತದ್ದು ಹೀಗೆ. ಎಷ್ಟು ಕಲಿತೆನೆಂಬುದನ್ನು ನನ್ನ ಅಂಕಪಟ್ಟಿಯೇ ಹೇಳುತ್ತದೆ.

ಇನ್ನು ಗಾಜಿನೆಳೆಯ ವಿಚಾರ. ಬೆಳಕನ್ನು ಗಾಜಿನ ಎಳೆಯೊಳಗೆ ಹರಿಸಿ ದೂರಕ್ಕೆ ಸುದ್ದಿ ಕಳುಹಬಹುದೆಂದು ಚಾರ್ಲ್ಸ್ ಕಾವೋ ಎಂಬ ವಿಜ್ಞಾನಿ ೧೯೬೬ರಲ್ಲಿ ತೋರಿಸಿದರು; ೨೦೦೯ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. ಬೆಳಕು ಹರಿಯುವ ತಿರುಳು ಒಂದು ಮಿಲಿಮೀಟರಿನ ನೂರರಲ್ಲೊಂದು ಪಾಲಿಗಿಂತಲೂ ಸಣ್ಣದು. ಆದರೂ ಆ ಬೆಳಕು ಮೂರು ಕಿಲೋಮೀಟರ್ ಸಾಗಿದಾಗ ಕಳೆದುಕೊಳ್ಳುವುದು ಸುಮಾರು ಐದರಲ್ಲಿ ಒಂದು ಪಾಲು ಮಾತ್ರ. ನಡುವೆ ಯಂತ್ರವಿಲ್ಲದೆಯೇ ಇಪ್ಪತ್ತು ಕಿಲೋಮೀಟರ್ ದೂರದವರೆಗೂ ಮನೆಗಳಿಗೆ ಲೈನು ಕೊಡುವುದುಂಟು. ನಮ್ಮ ಪಂಚಾಯತಿ ಕಚೇರಿಯವರೆಗೆ ಫೈಬರ್ ಬಂದು ವರ್ಷಗಳೇ ಆಗಿದ್ದವು. ಅಲ್ಲಿಂದ ನಮ್ಮ ಮನೆಗೆ ಮೂರು ಕಿಲೋಮೀಟರ್. ಬೆಳಕಿಗೆ ಅದು ದೂರವೇ ಅಲ್ಲ.

ಲೆಕ್ಕಕ್ಕೆ ಮಾತ್ರ ಅದು ಬಹಳ ದೂರ. ಪೇಟೆಯಲ್ಲಿ ಒಂದು ಎಳೆಯ ಬೆಳಕನ್ನು ಮೂವತ್ತೆರಡು ಮನೆಗಳಿಗೆ ಹಂಚುತ್ತಾರೆ. ಖರ್ಚೂ ಹಾಗೆಯೇ ಹಂಚಿಹೋಗುತ್ತದೆ. ನಮ್ಮಲ್ಲಿ ಅದೇ ಎಳೆ ನಾಲ್ಕು ಮನೆಗೆ. ಅರ್ಜಿ ಹಾಕಿದಾಗಲೆಲ್ಲ “ಸಾಧ್ಯತೆ ಇಲ್ಲ” ಎಂಬ ಒಂದೇ ಉತ್ತರ ಬರುತ್ತಿತ್ತು. ಅದರ ಅರ್ಥ ಲಾಭವಿಲ್ಲ ಎಂದು ತಿಳಿಯಲು ನನಗೆ ಬಹಳ ಕಾಲ ಹಿಡಿಯಿತು.

ಆದರೆ ದೋಷವನ್ನೆಲ್ಲ ಕಂಪೆನಿಯ ತಲೆಗೆ ಕಟ್ಟಿದರೆ ನಾನು ಸುಳ್ಳುಗಾರನಾಗುತ್ತೇನೆ. ೨೦೨೨ರಲ್ಲಿ ಲೈನಿನ ಹುಡುಗರಿಬ್ಬರು ನಮ್ಮ ಅಂಗಳಕ್ಕೇ ಬಂದಿದ್ದರು. “ನಾಯ್ಕರೇ, ನಿಮ್ಮ ಬೇಣದಲ್ಲಿ ಎರಡು ಕಂಬ ಹುಗಿಯಲು ಬಿಟ್ಟರೆ ಮೇಲಿನ ಎರಡು ಮನೆಗೂ ಲೈನು ಎಳೆಯುತ್ತೇವೆ” ಎಂದರು. ಅಪ್ಪ ಒಪ್ಪಲಿಲ್ಲ. “ಇವತ್ತು ಕಂಬ ಹುಗೀತಾರೆ, ನಾಳೆ ಅಳತೆ ಪಟ್ಟಿ ಹಿಡ್ಕಂಡು ಬರ್ತಾರೆ” ಎಂದು ಹೇಳಿ ಒಳಗೆ ನಡೆದರು. ಅವರ ಭಯ ನನಗೆ ಗೊತ್ತು. ಮುಳುಗಡೆಯಾಗಿ ಆರು ದಶಕ ಕಳೆದರೂ ನಮ್ಮ ಜಾಗಕ್ಕೆ ಸರಿಯಾದ ಹಕ್ಕುಪತ್ರವಿಲ್ಲ. ಕಾಗದವಿಲ್ಲದವನಿಗೆ ಬೇಲಿ ದಾಟಿ ಬರುವ ಪ್ರತಿಯೊಬ್ಬನೂ ಸರಕಾರಿ ಮನುಷ್ಯನಂತೆಯೇ ಕಾಣುತ್ತಾನೆ. ಆದರೂ ಆ ದಿನ ನಾನು ಅಪ್ಪನೊಡನೆ ವಾದಿಸಲಿಲ್ಲ. ನನಗೆ ಮರುತಿಂಗಳು ಪೇಟೆಯ ಹಾಸ್ಟೆಲು ಸಿಗುವುದಿತ್ತು. ಅಲ್ಲಿ ವೈಫೈ ಇತ್ತು.

ಮರುವರ್ಷ ಮೇಲಿನ ಮನೆಯ ಹುಡುಗಿ ವಿದ್ಯಾರ್ಥಿವೇತನದ ಅರ್ಜಿ ತುಂಬಬೇಕಾಗಿತ್ತು. ಕೊನೆಯ ದಿನ ಜಡಿಮಳೆ. ಮತ್ತಿಮರದ ಬುಡದಲ್ಲೂ ಸಿಗ್ನಲ್ ಇಲ್ಲ. ಮೊಬೈಲಿಗೆ ಬರಬೇಕಾದ ಒ.ಟಿ.ಪಿ. ಬಂದದ್ದು ರಾತ್ರಿ, ಅವಧಿ ಮುಗಿದ ಮೇಲೆ. ಆ ವರ್ಷ ಅವಳು ಕಾಲೇಜಿಗೆ ಸೇರಲಿಲ್ಲ. ಅಡಿಕೆ ಸುಲಿಯಲು ನಮ್ಮ ಮನೆಗೇ ಬಂದಳು. ಮೆಟ್ಟುಗತ್ತಿಯ ಮುಂದೆ ಕುಳಿತ ಅವಳನ್ನು ಕಂಡು ಅಪ್ಪ ಏನೂ ಮಾತನಾಡಲಿಲ್ಲ. ಸುಗ್ಗಿ ಮುಗಿದ ವಾರವೇ ತಾವಾಗಿ ಪೇಟೆಗೆ ಹೋಗಿ, “ಎಲ್ಲಿ ಬೇಕಾದರೂ ಕಂಬ ಹುಗೀರಿ” ಎಂದು ಹೇಳಿ ಬಂದರು.

ಆದರೆ ಹೋದ ಅವಕಾಶ ಸುಲಭವಾಗಿ ಮರಳುವುದಿಲ್ಲ. ಈ ಸಲ ಕೇಬಲಿನ ಬೆಲೆ ನಾವೇ ಕೊಡಬೇಕೆಂದರು. ನಾಲ್ಕು ಮನೆಗಳು ಸೇರಿ ಮೂವತ್ತು ಸಾವಿರ ರೂಪಾಯಿ ಕೂಡಿಸಿದೆವು. ವಿದ್ಯುತ್ ಕಂಬಗಳು ಮನೆಯ ಬಾಗಿಲವರೆಗೂ ನಿಂತಿವೆ. ಆದರೆ ಅವನ್ನು ಮುಟ್ಟುವಂತಿಲ್ಲ, ಅದಕ್ಕೆ ಬೇರೆ ಕಚೇರಿಯ ಅನುಮತಿ ಬೇಕು. ಕೊನೆಗೆ ಕೊನೆಗಾರರೇ ಮರ ಹತ್ತಿ, ಹೆಬ್ಬಲಸಿನಿಂದ ಮತ್ತಿಗೆ, ಮತ್ತಿಯಿಂದ ನಂದಿಗೆ ಕೇಬಲು ಕಟ್ಟಿದರು. ೨೦೨೪ರ ಬೇಸಗೆಯಲ್ಲಿ ಮನೆಯ ಗೋಡೆಯ ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು. ಮೊದಲ ಮಳೆಗೇ ಕೊಂಬೆ ಬಿದ್ದು ಎಳೆ ತುಂಡಾಯಿತು. ಗಾಜಿನ ತುದಿಗಳನ್ನು ಕರಗಿಸಿ ಬೆಸೆಯುವ ಯಂತ್ರ ಪೇಟೆಯಿಂದ ಬರಲು ಹನ್ನೊಂದು ದಿನ ಕಾದೆವು. ಅದು ಬಂದು ಕೆಲಸ ಮುಗಿಸಲು ಹಿಡಿದದ್ದು ಅರ್ಧ ಗಂಟೆ.

ಇದಿಷ್ಟು ಕಥೆ. ಇದರಿಂದ ನಾನು ತಿಳಿದುಕೊಂಡದ್ದೇನು?

೧೮೫೪ರಲ್ಲಿ ಭಾರತದ ಅಂಚೆಗೆ ದೂರವನ್ನು ಲೆಕ್ಕಿಸದ ಏಕರೂಪದ ದರ ಬಂದಿತು. ಅಂದಿನಿಂದ ಪಕ್ಕದ ಬೀದಿಗೆ ಹೋಗುವ ಕಾಗದಕ್ಕೂ ಕಾಡಿನ ಒಂಟಿಮನೆಗೆ ಹೋಗುವ ಕಾಗದಕ್ಕೂ ಒಂದೇ ಬೆಲೆ. ನಮ್ಮ ಮನೆಯ ದಾರಿ ಉದ್ದವೆಂದು ಅಂಚೆಯಣ್ಣ ಹೆಚ್ಚಿಗೆ ಕಾಸು ಕೇಳಿದವನಲ್ಲ. ನೂರೆಪ್ಪತ್ತು ವರ್ಷಗಳ ಹಿಂದೆ ಹೊಳೆದ ನ್ಯಾಯ ಇಂದು ಮರೆತದ್ದೇಕೆ? ಪಂಚಾಯತಿಗಳಿಗೆ ಫೈಬರ್ ಒಯ್ಯುವ ಯೋಜನೆಗೆ ಕೇಂದ್ರ ಸರಕಾರ ೨೦೧೧ರಲ್ಲಿಯೇ ಒಪ್ಪಿಗೆ ಕೊಟ್ಟಿತು. ಭಾರತ್‌ನೆಟ್ ಎಂಬ ಹೆಸರು ಪಡೆದ ಆ ಯೋಜನೆಗೆ ೨೦೨೩ರಲ್ಲಿ ಮತ್ತೆ ೧.೩೯ ಲಕ್ಷ ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದು ಸಣ್ಣ ಕೆಲಸವಲ್ಲ, ನಿಜ. ಆದರೆ ಪಂಚಾಯತಿ ಕಚೇರಿಗೆ ಫೈಬರ್ ಬಂದೊಡನೆ ಊರಿಗೇ ಬಂದಿತೆಂದು ಬರೆದುಕೊಂಡರೆ, ಕೆರೆಗೆ ನೀರು ಬಂದೊಡನೆ ಗದ್ದೆಯೆಲ್ಲ ನೆನೆಯಿತೆಂದು ಹೇಳಿದಂತೆ. ಎಣಿಸಬೇಕಾದದ್ದು ಊರುಗಳನ್ನಲ್ಲ, ಮನೆಗಳನ್ನು.

ವಿದ್ಯುತ್ ಕಂಬಗಳ ಮೇಲೆಯೇ ಫೈಬರ್ ಎಳೆಯಬಹುದೆಂಬುದಕ್ಕೆ ನೆರೆಯ ಕೇರಳವೇ ಸಾಕ್ಷಿ. ಅಲ್ಲಿ ೨೦೨೩ರಲ್ಲಿ ಉದ್ಘಾಟನೆಯಾದ ಕೆ-ಫೋನ್ ಜಾಲಕ್ಕೆ ವಿದ್ಯುತ್ ಮಂಡಲಿಯ ಕಂಬಗಳೇ ಆಧಾರ. ಎಳೆ ಬೆಸೆಯುವ ವಿದ್ಯೆಯನ್ನು ಹೋಬಳಿಗೆ ಇಬ್ಬರು ಹುಡುಗರಿಗೆ ಕಲಿಸಿ, ಒಂದು ಯಂತ್ರ ಕೊಟ್ಟರೆ ಹನ್ನೊಂದು ದಿನ ಕಾಯುವ ಪಾಡೂ ಇರದು. ಇನ್ನು ಆಕಾಶದಿಂದಲೇ ಅಂತರಜಾಲ ಬರುವಾಗ ತಂತಿ ಏತಕ್ಕೆ ಎನ್ನುವವರಿದ್ದಾರೆ. ಅದಕ್ಕೆ ಬೇಕಾದ ತೆರೆದ ಆಕಾಶ ದಟ್ಟ ಮರಗಳ ನಡುವಿನ ಅಂಗಳದಲ್ಲಿ ಎಷ್ಟಿದೆಯೆಂದು ಅವರೊಮ್ಮೆ ಬಂದು ನೋಡಲಿ.

೨೦೨೫ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. ಲಾಂಚಿಗಾಗಿ ಕಾಯುತ್ತಿದ್ದ ನಮ್ಮವರು ಈಗ ನಿಮಿಷಗಳಲ್ಲಿ ಹಿನ್ನೀರು ದಾಟುತ್ತಾರೆ. ನೀರು ನಿಂತ ಮೇಲೆ ಸೇತುವೆಗೆ ಆರು ದಶಕ ಕಾದೆವು. ಅಷ್ಟು ತಾಳ್ಮೆ ಗಾಜಿನೆಳೆಯ ವಿಷಯದಲ್ಲಿ ಬೇಡ. ಅರ್ಜಿಯ ಕೊನೆಯ ದಿನಾಂಕ ಯಾರಿಗಾಗಿಯೂ ಕಾಯುವುದಿಲ್ಲ.

ವಿದ್ಯಾರ್ಥಿ ಮಿತ್ರರೇ, ನಮ್ಮಲ್ಲಿ ಕೆಲವರಾದರೂ ನಾಳೆ ಕಚೇರಿಗಳ ಮೇಜಿನ ಹಿಂದೆ ಕುಳಿತುಕೊಳ್ಳುವವರು. ಯಾವುದೋ ಕಾಡಿನ ಮನೆಯ ಅರ್ಜಿ ನಮ್ಮ ಮುಂದೆಯೂ ಬರುತ್ತದೆ. “ಸಾಧ್ಯತೆ ಇಲ್ಲ” ಎಂದು ಬರೆಯುವ ಮುನ್ನ, ಆ ಮನೆ ಅಲ್ಲಿಗೆ ಹೋದದ್ದು ಹೇಗೆಂದು ಒಮ್ಮೆ ವಿಚಾರಿಸೋಣ. ಹಾಗೆಯೇ, ನಮ್ಮ ಬೇಲಿಯ ಮೇಲೆ ಹಾದು ಇನ್ನೊಬ್ಬರ ಮನೆಗೆ ಹೋಗುವ ಎಳೆಗೆ ನಾವೂ ದಾರಿ ಬಿಡೋಣ. ಈ ಎರಡನೆಯ ಮಾತನ್ನು ನಾನು ಮೊದಲು ಹೇಳಿಕೊಳ್ಳಬೇಕಾದದ್ದು ನನಗೇ.

ಮೇಲಿನ ಮನೆಯ ಹುಡುಗಿ ಒಂದು ವರ್ಷ ತಡವಾಗಿ ಬಿ.ಎ. ಸೇರಿದ್ದಾಳೆ. ಮಳೆಗಾಲಕ್ಕೆ ಮುಂಚೆ ಅಪ್ಪ ದೋಟಿ ಹಿಡಿದು ಕೇಬಲಿನ ಮೇಲಿನ ಕೊಂಬೆಗಳನ್ನು ಸವರುತ್ತಾರೆ; ನಮ್ಮ ಮನೆಯವರೆಗೆ ಮಾತ್ರವಲ್ಲ, ಅವಳ ಮನೆಯ ತನಕ.