ಬರೆಯೋರ ಕಟ್ಟೆ – 7: ಮುನ್ನುಡಿ ಕೇಳೋಕೆ ಮುಂಚೆ

(ಕ್ಯಾಪ್ಷನ್ ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.)

ನಮ್ಮ ಬ್ಯಾಚಲ್ಲೇ ಮೂರು ಜನ ಮೊದಲ ಪುಸ್ತಕ ತರೋ ತಯಾರಿಯಲ್ಲಿದ್ದಾರೆ. ಖುಷಿ ವಿಷ್ಯ. ಆದ್ರೆ ಮೂವರೂ ಕೇಳಿದ್ದು ಒಂದೇ ಪ್ರಶ್ನೆ: "ಮುನ್ನುಡಿ ಯಾರ ಹತ್ರ ಬರೆಸ್ಲಿ?" ಹಸ್ತಪ್ರತಿ ಯಾರ ಹತ್ರ ಓದಿಸ್ಲಿ ಅಂತ ಒಬ್ರೂ ಕೇಳ್ಲಿಲ್ಲ.

ಕನ್ನಡದಲ್ಲಿ ಮುನ್ನುಡಿಗೆ ಒಳ್ಳೇ ಪರಂಪರೆ ಇದೆ, ಇಲ್ಲ ಅನ್ನಲ್ಲ. ಆದ್ರೆ ಆ ಹಿರಿಯರ ಕೈಗೆ ನಮ್ಮ ಪುಸ್ತಕ ಹೋಗೋದು ಯಾವಾಗ? ಡಿಟಿಪಿ ಮುಗಿದು, ಮುಖಪುಟ ರೆಡಿಯಾಗಿ, ಬಿಡುಗಡೆಗೆ ಹಾಲ್ ಬುಕ್ ಆದ್ಮೇಲೆ. ಆಗ ಅವರು "ಮೂರನೇ ಅಧ್ಯಾಯ ತೆಗಿಯಪ್ಪಾ" ಅಂದ್ರೆ ತೆಗಿತೀವಾ? ಅದಕ್ಕೇ ಅವರೂ ಹೇಳಲ್ಲ. "ಭರವಸೆಯ ಲೇಖಕ" ಅಂತ ಬರೆದು ಹಾರೈಸ್ತಾರೆ. ಫ್ರೆಂಡ್ಸ್ ಕಥೆ ಇನ್ನೂ ಸುಲಭ: "ಸಖತ್ ಮಗಾ!"

ಕರಡು ತಿದ್ದೋರು ಬೇರೆ, ಸಂಪಾದಕರು ಬೇರೆ. ಒಬ್ರು ಒತ್ತಕ್ಷರ, ಅಲ್ಪಪ್ರಾಣ-ಮಹಾಪ್ರಾಣ ನೋಡ್ತಾರೆ. ಇನ್ನೊಬ್ರು, ಈ ಕಥೆ ನಿಜವಾಗಿ ಯಾರದ್ದು, ಮೊದಲ ನಲವತ್ತು ಪುಟ ಯಾಕೆ ಬೇಕು ಅಂತ ಕೇಳ್ತಾರೆ. ದುಡ್ಡು ತಗೊಂಡು ಪುಸ್ತಕ ಮಾಡಿಕೊಡೋ ಪ್ಯಾಕೇಜಲ್ಲಿ 'ಎಡಿಟಿಂಗ್' ಅಂತ ಇದ್ರೆ, ಎರಡರಲ್ಲಿ ಯಾವ್ದು ಅಂತ ಮೊದಲೇ ಕೇಳಿ.

ಒಂದು ಓದು ಏನು ಮಾಡಬಲ್ಲದು ಅನ್ನೋದಕ್ಕೆ ಹಾರ್ಪರ್ ಲೀ ನೋಡಿ. 1957ರಲ್ಲಿ ಅವರು ಪ್ರಕಾಶಕರಿಗೆ ಕೊಟ್ಟ ಹಸ್ತಪ್ರತಿಯಲ್ಲಿ ನಾಯಕಿ ದೊಡ್ಡವಳಾಗಿ ಊರಿಗೆ ವಾಪಸ್ ಬರ್ತಾಳೆ. ಸಂಪಾದಕಿ ಟೇ ಹೋಹಾಫ್ ಅದನ್ನ ಹಾಗೇ ಅಚ್ಚಿಗೆ ಬಿಡ್ಲಿಲ್ಲ. ಮತ್ತೆ ಮತ್ತೆ ಬರೆಸಿದ್ರು. ಕಥೆ ಆ ಹುಡುಗಿಯ ಬಾಲ್ಯಕ್ಕೆ ಸರೀತು, 1960ರಲ್ಲಿ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಆಯ್ತು. ಹಳೇ ಹಸ್ತಪ್ರತಿಯೂ 2015ರಲ್ಲಿ 'ಗೋ ಸೆಟ್ ಎ ವಾಚ್‌ಮನ್' ಹೆಸರಲ್ಲಿ ಬಂತು. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ಓದಿ. ಬರವಣಿಗೆ ಬಗ್ಗೆ ಯಾವ ವರ್ಕ್‌ಶಾಪೂ ಇಷ್ಟು ಕಲಿಸಲ್ಲ.

ಹಂಗಂತ ಸಂಪಾದಕರು ಹೇಳಿದ್ದೆಲ್ಲ ವೇದವಾಕ್ಯ ಅಲ್ಲ. ರೇಮಂಡ್ ಕಾರ್ವರ್ ಅವರ 1981ರ ಕಥಾಸಂಕಲನವನ್ನ ಗಾರ್ಡನ್ ಲಿಶ್ ಎಷ್ಟು ಕತ್ತರಿಸಿದ್ರು ಅಂದ್ರೆ, ಪುಸ್ತಕ ನಿಲ್ಲಿಸಿ ಅಂತ ಕಾರ್ವರ್ ಕಾಗದ ಬರೆದು ಬೇಡ್ಕೊಂಡಿದ್ರು. ಪುಸ್ತಕ ಬಂತು, ಹೆಸರೂ ತಂತು. ಕತ್ತರಿ ಬೀಳದ ರೂಪ 'ಬಿಗಿನರ್ಸ್' ಅಂತ ಬಂದಿದ್ದು 2009ರಲ್ಲಿ. ಅಷ್ಟೊತ್ತಿಗೆ ಕಾರ್ವರ್ ತೀರ್ಕೊಂಡು ಇಪ್ಪತ್ತು ವರ್ಷ ಆಗಿತ್ತು. ಹಾಗಾಗಿ ಕೊನೇ ಮಾತು ನಮ್ಮದೇ ಇರ್ಬೇಕು. ಆದ್ರೆ ಇನ್ನೊಬ್ಬರ ಮಾತು ಪೂರ್ತಿ ಕೇಳಿಸ್ಕೊಂಡ ಮೇಲೆ.

ದುಡ್ಡೆಲ್ಲಿದೆ ಅಂತೀರಾ? ಮುಖಪುಟಕ್ಕೆ ಕೊಡ್ತೀವಿ. ಬಿಡುಗಡೆ ದಿನ ಹಾರ, ಶಾಲು, ಕಾಫಿ-ಉಪ್ಪಿಟ್ಟಿಗೆ ಕೊಡ್ತೀವಿ. ಇನ್ನೂರು ಪುಟ ಕೂತು ಓದೋರಿಗೆ ಮಾತ್ರ "ಸರ್, ಟೈಮ್ ಇದ್ರೆ ಒಂಚೂರು ನೋಡಿ". ಇದು ನನಗೆ ನಾಚಿಕೆಗೇಡು ಅನ್ಸತ್ತೆ. ಪೂರ್ತಿ ಪುಸ್ತಕಕ್ಕೆ ಆಗದಿದ್ರೆ ಮೂವತ್ತು ಪುಟಕ್ಕೆ ಕೊಡಿ. ಒಂದೇ ಥರದ ತಪ್ಪುಗಳು ಅಷ್ಟರಲ್ಲೇ ಸಿಕ್ಕಿಬೀಳ್ತಾವೆ, ಉಳಿದದ್ದು ನೀವೇ ತಿದ್ಕೋಬಹುದು. ಅಭಿಪ್ರಾಯ ಬರಹದಲ್ಲೇ ಕೇಳಿ, ಫೋನಲ್ಲಿ ಎಲ್ಲರೂ ಮೆತ್ತಗಾಗ್ತಾರೆ. "ಹೆಂಗಿದೆ?" ಅಂತ ಕೇಳ್ಬೇಡಿ. "ಎಲ್ಲಿ ಓದೋದು ನಿಲ್ಲಿಸ್ಬೇಕು ಅನ್ನಿಸ್ತು?" ಅಂತ ಕೇಳಿ.

ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನಕ್ಕೆ, ಛಂದ ಪುಸ್ತಕದವರ ಹಸ್ತಪ್ರತಿ ಸ್ಪರ್ಧೆಗೆ ಕಳಿಸಿ, ಖಂಡಿತ. ಆದ್ರೆ ಅಲ್ಲಿ ನಡೆಯೋದು ಆಯ್ಕೆ. ತಿದ್ದೋ ಕೆಲ್ಸ ಅದಕ್ಕೂ ಮುಂಚೆ ಆಗಿರ್ಬೇಕು.

ಆ ಮೂವರಲ್ಲಿ ಒಬ್ಳು ನಿನ್ನೆ ಬಿಡುಗಡೆ ದಿನಾಂಕ ಮುಂದಕ್ಕೆ ಹಾಕಿದ್ದಾಳೆ. ಹಾಲ್ ಅಡ್ವಾನ್ಸ್ ವಾಪಸ್ ಕೊಡಲ್ವಂತೆ.

#ಬರೆಯೋರಕಟ್ಟೆ #ಹಸ್ತಪ್ರತಿ #ಮೊದಲಪುಸ್ತಕ