ಹೇಳದೆ ಉಳಿದ ಮಾತು

1949ರಲ್ಲಿ ನೀನಾಸಮ್ ಜನ್ಮವೆತ್ತಿದ ಹೆಗ್ಗೋಡಿಗೆ ನಾಟಕ ನೋಡಲೆಂದು ನಮ್ಮ ಬೆಂಗಳೂರಿನ ಬಳಗ ಹೊರಟಿತು. ಹೆಸರು ಬರೆದುಕೊಳ್ಳುವ ಹೊಣೆ ನನ್ನದಾಯಿತು. "ಕೃತಕ ಬುದ್ಧಿಮತ್ತೆಗೆ ಹೇಳಿ ಅಪ್ಪಾ, ಅರ್ಜಿಯ ನಮೂನೆಯನ್ನು ಅದೇ ಸಿದ್ಧಪಡಿಸುತ್ತದೆ" ಎಂದಳು ಮಗಳು. "ಹೆಗ್ಗೋಡಿಗೆ ಬರುವವರಿಗೊಂದು ನಮೂನೆ ಬೇಕು" ಎಂದೆ. ಬಂದಿತು, ಅಂದವಾಗಿಯೇ ಬಂದಿತು. ವೃತ್ತಿ, ಹವ್ಯಾಸ, ಇಮೇಲ್, ಎಲ್ಲವೂ ಕಡ್ಡಾಯ! ಇಮೇಲ್ ಇಲ್ಲದ ನಮ್ಮ ಸೋದರತ್ತೆಯ ಅರ್ಜಿಯನ್ನು ಅದು ಸ್ವೀಕರಿಸಲೇ ಇಲ್ಲ. ಗೊತ್ತುಮಾಡಿದ್ದ ಹಾಸಿಗೆಗಳು 12; ಒಪ್ಪಿಗೆ ಪಡೆದವರು 19 ಮಂದಿ. ಯಂತ್ರವನ್ನು ಬಯ್ಯುವುದೆಂತು? ಹನ್ನೆರಡೆಂದು ನಾನು ಹೇಳಿರಲೇ ಇಲ್ಲವಲ್ಲ!

ರಂಗದ ಮೇಲೆ ನಟನಿಗೆ "ಬಾ" ಎಂದರೆ ಸಾಲದು. ಯಾವ ಪಕ್ಕದಿಂದ, ಯಾವ ಮಾತು ಮುಗಿದ ಮೇಲೆ ಎಂಬುದನ್ನೂ ಹೇಳಬೇಕು. ಮರಳಿ ಕುಳಿತು ಬರೆದೆ: ಫೋನ್ ಸಂಖ್ಯೆ ಕಡ್ಡಾಯ, ಇಮೇಲ್ ಇದ್ದರೆ ಸಾಕು, ಸಾಗರ ಜಂಬಗಾರಿನಲ್ಲಿ ರೈಲಿನಿಂದ ಇಳಿಯುವರೋ, ಸ್ವಂತ ವಾಹನವೋ, ಮೆಟ್ಟಿಲು ಹತ್ತಬಲ್ಲರೋ, 12 ತುಂಬಿದ ಮೇಲೆ ಬಂದವರು ಕಾಯುವ ಪಟ್ಟಿಗೆ, ಯಾರಾದರೂ ಹಿಂದೆಗೆದರೆ ಮೊದಲು ನನಗೆ ತಿಳಿಸಿ, ನಾನು ಒಪ್ಪಿದ ಬಳಿಕ ಮುಂದಿನವರಿಗೆ. ಕಲ್ಪಿತ ಹೆಸರುಗಳಲ್ಲಿ 13 ಅರ್ಜಿ ತುಂಬಿ ಪರೀಕ್ಷಿಸಿದೆವು. ಹದಿಮೂರನೆಯದು ತಪ್ಪದೆ ಕಾಯುವ ಪಟ್ಟಿ ಸೇರಿತು.

ಆ ಹೆಚ್ಚಿನ 7 ಮಂದಿಯ ಕ್ಷಮೆಯನ್ನು ಮಾತ್ರ ನಾನೇ ಕೇಳಬೇಕಾಯಿತು. ಅತ್ತೆ, "ನನ್ನ ಹೆಸರು ಬೇಡವೆಂದಿತಲ್ಲ, ಮುಂದಿನ ವರ್ಷ ನೋಡೋಣ" ಎಂದುಬಿಟ್ಟರು.